ತಟ್ಟೆಯ ಮೇಲಿನ ಕಡಲೆ

ತಮ್ಮಾ ಜಾಬಿರ್,

ರೂಮಿ ದೊರೆಯ ಸೈನಿಕರು ನಿನ್ನನ್ನು ಹಿಡಿದೊಯ್ದು ವರ್ಷವಾಯಿತು. ಈಗ ನಮ್ಮೂರು ಮಸ್ಸೀಸಾಕ್ಕೆ ಮುತ್ತಿಗೆ ಹಾಕಿ, ಸೆರೆಯಾಳುಗಳಿಂದ ನಮ್ಮ ಕೋಟೆಯಡಿ ಸುರಂಗ ತೋಡಿಸುತ್ತಿದ್ದಾರೆ. ಅದನ್ನು ಪತ್ತೆಹಚ್ಚಲು ಇಂದು ನಾನು ಗೋಡೆಯ ಬುಡದಲ್ಲಿ ತಾಮ್ರದ ತಟ್ಟೆಯಿಟ್ಟು ಕಡಲೆ ಹರಡಿದೆ. ಊರಲ್ಲಿ ಯಾರ ಹೊಟ್ಟೆಗೂ ಸೇರದೆ ಉಳಿದಿದ್ದ ಒಂದೇ ಹಿಡಿ.

ನೆಲದಡಿಯ ಗುದ್ದಲಿ ಏಟಿಗೆ ಕಡಲೆ ಕುಣಿಯಿತು. ಮೂರು ಏಟು, ಒಂದು ಉಸಿರು. ಬಾವಿ ತೋಡಲು ಅಪ್ಪ ನಮ್ಮಿಬ್ಬರಿಗೇ ಕಲಿಸಿದ ಲಯ.

"ಏನ್ ಮೇಸ್ತ್ರಿ, ಕಾಯ್ತಿದ್ದೀಯೋ, ಮೇಯ್ತಿದ್ದೀಯೋ?" ಎಂದ ಕಾವಲಿನ ನುಮೈರ್. "ಜಾಗ ತೋರ್ಸು ಮಾರಾಯ, ಎಣ್ಣೆ ಕುದೀತಿದೆ."

ನೆಲಕ್ಕೆ ಮೂರು ಸಲ ಗುದ್ದಿದೆ. ಕೆಳಗೆ ಸದ್ದು ನಿಂತಿತು. ಒಂದು ಉಸಿರಿನ ಬಳಿಕ ಮೂರು ಏಟು ಮರಳಿ ಬಂದವು.

ಆ ಜಾಗವನ್ನು ಬೆರಳು ಮಾಡಿ ತೋರಿಸಿದೆ. ನೆಲ ಕೊರೆದು ಸುರಂಗದೊಳಕ್ಕೆ ಎಣ್ಣೆ ಸುರಿದರು.

ಕಡಲೆಯನ್ನು ನನಗೇ ಇನಾಮು ಕೊಟ್ಟರು. ತಿನ್ನುತ್ತಿದ್ದೇನೆ. ಹಲ್ಲು ಮೂರು ಸಲ ಅಗಿಯುತ್ತದೆ, ಒಂದು ಉಸಿರು ನಿಲ್ಲುತ್ತದೆ.