ಅಡುಗೆಮನೆಗೂ ಬರಲಿ ಹಾಡು

14, ಮಂಗಳವಾರ

ಇವತ್ತೂ ಹಾಡು ಅಡುಗೆಮನೆಯ ಗೋಡೆಗೆ ಬಡಿದು ಸತ್ತಿತು. ವೈಫೈ ರೂಟರ್ ಇರುವುದು ಹಾಲ್‌ನಲ್ಲಿ, ಸೋಫಾದ ಮೇಲೆ ಕೂತವರಿಗಾಗಿ. ಒಲೆಯ ಮುಂದೆ ನಿಂತ ಅಮ್ಮನ ಸ್ಪೀಕರ್ ಮಾತ್ರ ಪಲ್ಲವಿಯಲ್ಲೇ ಬಿಕ್ಕಳಿಸಬೇಕು. ಇದೆಂಥ ನ್ಯಾಯ?

"ಅಮ್ಮ ಹಾಲ್‌ಗೇ ಬಂದು ಕೇಳ್ಲಿ ಬಿಡಕ್ಕ" ಅಂದ ತಮ್ಮ.

"ಒಲೇನ ತಲೆ ಮೇಲೆ ಹೊತ್ಕೊಂಡು ಬರ್ಲೇನೋ?" ಅಂದಳು ಅಮ್ಮ.

ಎರಡನೇ ರೂಟರ್ ತಂದೇಬಿಟ್ಟೆ. ಹಳೆಯದರಿಂದ ಬಾಗಿಲ ಸಂದಿಯಲ್ಲಿ ತಂತಿ ಎಳೆದು, ಡಬ್ಬಿಗಳ ಪಕ್ಕ ಕೂರಿಸಿದೆ. ಇದ್ದ ನೆಟ್ಟೂ ಹೋಯಿತು! ಎರಡೂ ತಾವೇ ಯಜಮಾನರೆಂದು ಮನೆಯ ಫೋನು, ಸ್ಪೀಕರುಗಳಿಗೆಲ್ಲ ನೆಟ್ ವಿಳಾಸ ಹಂಚುತ್ತಿದ್ದವು.

"ನಿಮ್ಮ ಮಹಿಳಾ ಸಂಘಟನೆ ಥರಾನೇ ಆಯ್ತಲ್ಲಕ್ಕ, ಇಬ್ಬಿಬ್ರು ಅಧ್ಯಕ್ಷರು" ಎಂದು ತಮ್ಮ ಹಲ್ಲು ಕಿರಿದ.

ಬಿಡುವವಳಾ ನಾನು? ಹೊಸದರ ವಿಳಾಸ ಹಂಚಿಕೆಯನ್ನು ನಿಲ್ಲಿಸಿದೆ. ನೀನು ಹಾಡು ದಾಟಿಸು, ಯಜಮಾನಿಕೆ ಬೇಡ ಅಂದೆ. ಹಾಡು ಎಲ್ಲೂ ತಡವರಿಸದೆ ಕೊನೆಯ ಸಾಲಿನವರೆಗೂ ಬಂತು. ಅಮ್ಮ ಸೌಟು ಹಿಡಿದೇ ದನಿಗೂಡಿಸಿದಳು. ಅವಳಿಗೆ ಅಂಥ ಗಂಟಲಿದೆಯೆಂದು ಹಾಲ್‌ನಲ್ಲಿ ಕೂತವರಿಗೆ ಇವತ್ತೇ ಗೊತ್ತಾದದ್ದು.

ಹಾಡನ್ನು ಅಡುಗೆಮನೆಗೆ ಎಳೆದು ತಂದಾಯಿತು. ಇನ್ನು ತಮ್ಮನನ್ನು ಎಳೆದು ತರಬೇಕು. ತರುತ್ತೇನೆ. ಅವನಿಗೆ ಎಷ್ಟುದ್ದದ ತಂತಿ ಬೇಕಾಗುತ್ತದೋ ನೋಡೋಣ, ನಾಳೆ ಬೆಳಿಗ್ಗೆ ಪಾತ್ರೆ ತೊಳೆಯುವುದರಿಂದಲೇ ಶುರು.