ಬದುಕಿರುವವನನ್ನು ಸತ್ತನೆನ್ನಬೇಡ

ನಿಂಗಾಜಮ್ಮ,

ಸ್ಕೂಲ್ ಕೆಲಸದ ಸಂದರ್ಶನಕ್ಕೆ ನಿನ್ನ ಜೊತೆಗೆ ಬಂದರೆ ಅಲ್ಲಿ ಯಾರಿಗಾದರೂ ಬೈದುಬಿಡುತ್ತೇನೆ, ಅದಕ್ಕೇ ಗದ್ದೆಗೆ ಹೊರಟೆ. ರೊಟ್ಟಿ ತಿಂದೇ ಹುಣಸೂರಿನ ಮೋಟಾರು ಹತ್ತು.

"ಕುಂಕುಮ ಒರೆಸ್ಕಂಡು ಓಗವ್ವ, ಗಂಡ ಸತ್ತೋರ್ಗೆ ಸ್ಕೂಲ್ ಕೆಲ್ಸ ಬೇಗ ಕೊಡ್ತಾರೆ" ಎಂದು ನಿಮ್ಮ ಸೋದರತ್ತೆ ನಿನ್ನ ಕಿವಿ ಊದಿದ್ದು ಕೇಳಿಸಿತು. ಅವಳ ತಲೆ! ಬದುಕಿರುವವನನ್ನು ಸಾಯಿಸಿ ಸಂಬಳ ತಿನ್ನುವಷ್ಟು ನಾವು ಕೆಟ್ಟಿಲ್ಲ. ಸ್ಕೂಲ್ ಇನ್‌ಸ್ಪೆಕ್ಟರು ಗಂಡನೆಲ್ಲಿ ಎಂದರೆ, "ಇನ್ನೊಬ್ಬಳನ್ನು ಕಟ್ಟಿಕೊಂಡ, ನಾನು ತೌರಿಗೆ ಬಂದೆ" ಎಂದು ತಲೆಯೆತ್ತಿ ಹೇಳು. ಅಳಬೇಡ, ಅತ್ತರೆ ಪಾಠದ ಪ್ರಶ್ನೆಗೂ ಉತ್ತರ ಹೊರಡುವುದಿಲ್ಲ.

"ಅವನು ಕರೆದರೆ ಕೆಲಸ ಬಿಟ್ಟು ಹೋಗುತ್ತೀಯಾ?" ಎಂದೂ ಕೇಳಿಯಾರು. ಅದನ್ನು ನಿನ್ನ ಕೇಳಲು ನಾನೇ ಇಷ್ಟು ದಿನ ಹೆದರಿದ್ದೇನೆ. ಅದಕ್ಕೆ ಉತ್ತರ ನಾನು ಹೇಳಿಕೊಡಲಾರೆ. ನಿನ್ನ ಮನಸ್ಸಿನಲ್ಲಿ ಇರುವುದನ್ನೇ ಹೇಳು.

ನಿಮ್ಮಪ್ಪ