ನೀವು ಹೇಳದೇ ಉಳಿದ ಹೆಸರು

ಕುಮಗಾಯ್ ಮಾಮ,

ಕಾಗದದ ಮೊದಲ ನಾಲ್ಕು ಸಾಲು ಹವಾಮಾನದ್ದಾಗಿರಬೇಕು, ಅದು ನಮ್ಮವರ ಮರ್ಯಾದೆ. ಇಷ್ಟು ಹಿಮ ಬಿತ್ತು, ಇಷ್ಟು ಕರಗಿತು, ನಿಮ್ಮ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿದ ಮೇಲೆ ವಿಷಯಕ್ಕೆ ಬರಬೇಕು. ಈ ಸಲ ಹಿಮದ ಹೆಸರೆತ್ತಲು ನನಗೆ ಕೈ ಬರುತ್ತಿಲ್ಲ. ಮರ್ಯಾದೆಗೆಟ್ಟವಳು ಎಂದುಕೊಳ್ಳಿ, ಪರವಾಗಿಲ್ಲ. ಆದರೆ ಕೊನೆಯವರೆಗೆ ಓದಿ.

ಅಮ್ಮ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆಗೆ ನೀವು ಬಂದಿರಿ. ಧೂಪ ಹಚ್ಚಿದಿರಿ. ಆಮೇಲೆ ನನ್ನೆದುರು ಕೂತು, ಹಣೆ ಚಾಪೆಗೆ ತಾಗುವಷ್ಟು ಬಗ್ಗಿ, “ನಾನು ಬರೆದಿಡಬೇಕಾಗಿತ್ತು ಚಿಹಾರು. ತಪ್ಪು ನನ್ನದು” ಎಂದಿರಿ. ಎಪ್ಪತ್ತರ ಹತ್ತಿರದ ಮನುಷ್ಯ, ನನ್ನನ್ನು ಎತ್ತಿ ಆಡಿಸಿದವರು, ನನ್ನ ಮುಂದೆ ಬಗ್ಗಿ ಕೂತಿದ್ದಿರಿ. ನಾನೂ ಬಗ್ಗಿದೆ, ಅಷ್ಟೆ. ನೀವು ಬೂಟು ಹಾಕಿಕೊಂಡು ಹೊರಟುಹೋದಿರಿ. ಆ ತಪ್ಪನ್ನು ನಿಮ್ಮದೆಂದುಕೊಂಡು ನೀವು ಹೊತ್ತು ತಿರುಗುವುದನ್ನು ನೋಡಿಯೂ ಸುಮ್ಮನಿದ್ದರೆ ನನ್ನಂಥ ಪಾಪಿ ಇನ್ನೊಬ್ಬಳಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಿನೊಸಾಕಿ ಸ್ಟೇಷನ್ನಿಗೆ ನೀವೊಬ್ಬರೇ ಇದ್ದಿರಿ. ಟಿಕೆಟ್ ಕೊಡುವವರೂ ನೀವೇ, ಪ್ಲಾಟ್‌ಫಾರಂ ಗುಡಿಸುವವರೂ ನೀವೇ. ಹೈಸ್ಕೂಲಿನ ಮೂರು ವರ್ಷ ನಾನು ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ಬಾಗಿಲಲ್ಲಿ ನಿಂತು “ಓಡೇ ಮಹರಾಯ್ತಿ, ಡ್ರೈವರ್ ಏನು ನಿಮ್ಮನೆ ಅಳಿಯನಾ ನಿನಗೋಸ್ಕರ ಕಾಯೋಕೆ?” ಎಂದು ಕೂಗುತ್ತಿದ್ದಿರಿ. ಹಾಗೆ ಕೂಗುತ್ತಲೇ ಇನ್ನೊಂದು ಕೈ ಎತ್ತಿ ಡ್ರೈವರಿಗೆ ನಿಲ್ಲು ಎಂದು ಸನ್ನೆ ಮಾಡುತ್ತಿದ್ದಿರಿ. ಅರ್ಧ ನಿಮಿಷ ರೈಲು ನಿಲ್ಲುತ್ತಿತ್ತು. ನಮ್ಮ ದೇಶದಲ್ಲಿ ಅರ್ಧ ನಿಮಿಷ ಎಂದರೆ ಎಷ್ಟೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದೇ ರೈಲು ಕಂಪನಿಗೆ ಸೇರಿ ಅಕಿತಾದ ಮುಖ್ಯ ಕಚೇರಿಗೆ ಹೋದಾಗ ಆ ಅರ್ಧ ನಿಮಿಷಗಳನ್ನೆಲ್ಲ ನಾನು ಸಲೀಸಾಗಿ ಮರೆತೆ.

ಪ್ರಯಾಣಿಕರ ಅನುಭವ ಸುಧಾರಣಾ ವಿಭಾಗ. ನಾನಿದ್ದ ವಿಭಾಗದ ಹೆಸರು ಅದು. ನಾವು ಮಾಡಿದ್ದೆಲ್ಲ ಕೆಟ್ಟದ್ದೇನಲ್ಲ ಮಾಮ, ಅದನ್ನೂ ಹೇಳಬೇಕು. ಕಾರ್ಡು ತಾಗಿಸಿದರೆ ತೆರೆಯುವ ಗೇಟು ಬಂತು. ರೈಲು ಎಲ್ಲಿದೆ, ಯಾವ ಡಬ್ಬಿಯಲ್ಲಿ ಜಾಗವಿದೆ ಎಂದು ಫೋನಿನಲ್ಲೇ ಕಾಣುವ ಹಾಗಾಯಿತು. ಶಾಲೆಯ ಮಕ್ಕಳು ಗೇಟು ದಾಟಿದರೆ ತಾಯಂದಿರಿಗೆ ಸಂದೇಶ ಹೋಗುತ್ತಿತ್ತು. ಪ್ರತಿ ಸ್ಟೇಷನ್ನಿನಲ್ಲೂ ಒಂದು ಕ್ಯಾಮೆರಾ, ಒಂದು ಸ್ಪೀಕರ್ ಇಟ್ಟು, ಅಕಿತಾದ ಒಂದು ಕೋಣೆಯಲ್ಲಿ ಕೂತವರು ಇಪ್ಪತ್ತು ಸ್ಟೇಷನ್ನುಗಳ ಪ್ರಯಾಣಿಕರ ಜೊತೆ ಮಾತಾಡುವ ವ್ಯವಸ್ಥೆ ಮಾಡಿದೆವು. ಜನ ಮೆಚ್ಚಿಕೊಂಡರು. ಇನ್ನು ಸ್ಟೇಷನ್ನಿನಲ್ಲಿ ಮನುಷ್ಯ ಯಾಕೆ ಎಂಬ ಪ್ರಶ್ನೆ ತಾನಾಗಿಯೇ ಎದ್ದಿತು. ಅದಕ್ಕೆ ಉತ್ತರ ಕೊಡಲು ಮಿನೊಸಾಕಿಗೆ ನನ್ನನ್ನೇ ಕಳಿಸಿದರು. ಊರಿನ ಹುಡುಗಿ ಹೇಳಿದರೆ ಊರು ಕೇಳುತ್ತದೆ ಎಂಬ ಲೆಕ್ಕಾಚಾರ.

ಆ ಸಭೆ ನಿಮಗೆ ನೆನಪಿದೆಯೆಂದು ಗೊತ್ತು. ನೀವೇ ಇಟ್ಟಿದ್ದ ಸಹಾಯದ ದಾಖಲೆ ಪುಸ್ತಕವನ್ನು ನಾನು ಎಲ್ಲರೆದುರು ಎತ್ತಿ ಹಿಡಿದೆ. ಪ್ರಯಾಣಿಕರಿಗೆ ಸಿಬ್ಬಂದಿ ಸಹಾಯ ಮಾಡಿದಾಗಲೆಲ್ಲ ಬರೆಯಬೇಕಾದ ಪುಸ್ತಕ. ಮೂರು ವರ್ಷಕ್ಕೆ ಒಂಬತ್ತು ಸಾಲು. ಗಾಲಿಕುರ್ಚಿಗೆ ಹಲಗೆ ಹಾಕಿದ್ದು, ಮರೆತ ಕೊಡೆ ಹುಡುಕಿಕೊಟ್ಟದ್ದು, ಅಂಥವು. ನೀವು ಎದ್ದು ನಿಂತಿರಿ. “ಪುಸ್ತಕಕ್ಕೆ ಬರೆಯದೇ ಇರೋದೂ ಇರುತ್ತೆ. ಸುಮ್ನೆ ಬಂದು ನಿಲ್ಲೋರು ಇರ್ತಾರೆ. ಎಲ್ಲಿಗೆ ಹೊರಟಿದೀವಿ ಅಂತ ಅವರಿಗೇ ಗೊತ್ತಿರಲ್ಲ. ಅಂಥೋರನ್ನ ಕೂರಿಸ್ಕೋಬೇಕಾಗುತ್ತೆ” ಎಂದಿರಿ. ಹಿಂದಿನ ಸಾಲಿನಿಂದ ಯಾರೋ “ಒಬ್ರೇ ಟೀ ಕುಡಿಯೋಕೆ ಬೇಜಾರು ಪಾಪ” ಎಂದರು. ಸಭೆ ನಕ್ಕಿತು. ನಾನು ಮೈಕಿನಲ್ಲಿ, ನಗುನಗುತ್ತಾ, “ಒಂದು ಹೆಸರು ಹೇಳಿ ಮಾಮ. ಒಂದೇ ಒಂದು. ಈಗಲೇ ಬರ್ಕೋತೀನಿ” ಎಂದೆ.

ನೀವು ಎರಡನೆಯ ಸಾಲಿನ ಕಡೆ ನೋಡಿದಿರಿ. ಆಮೇಲೆ ನನ್ನ ಕಡೆ. “ಇಲ್ಲ ಬಿಡಿ. ಹೆಸರು ಹೇಳೋ ಅಂಥದ್ದೇನಿಲ್ಲ” ಎಂದು ಕೂತುಬಿಟ್ಟಿರಿ. ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವರು ಮೊದಲ ಸಲ ನನಗೆ ಬಹುವಚನ ಹಚ್ಚಿದಿರಿ. ಗೆದ್ದೆ ಎಂದುಕೊಂಡೆ ನಾನು.

ಏಪ್ರಿಲಿನಲ್ಲಿ ನಿಮ್ಮ ಕಿಟಕಿಗೆ ಹಲಗೆ ಬಡಿದರು. ಅಮ್ಮನಿಗೆ ಮರೆವು ಇದೆಯೆಂದು ನನಗೆ ಗೊತ್ತಿತ್ತು, ಆದರೆ ಎಷ್ಟೆಂದು ಗೊತ್ತಿರಲಿಲ್ಲ. ಫೋನಿನಲ್ಲಿ ಅಪ್ಪ “ವಯಸ್ಸಲ್ವಾ, ಒಂದೊಂದು ಸಲ ಚಾ ಸೊಪ್ಪು ಎಲ್ಲಿಟ್ಟೆ ಅಂತ ಮರೀತಾಳೆ” ಎನ್ನುತ್ತಿದ್ದರು. ಜೂನಿನಲ್ಲಿ ಒಮ್ಮೆ ಅವಳು ಗೇಟಿನಲ್ಲಿ ಸಿಕ್ಕಿಹಾಕಿಕೊಂಡಳಂತೆ. ಕಾರ್ಡಿನಲ್ಲಿ ದುಡ್ಡಿರಲಿಲ್ಲ, ಗೇಟು ಮುಚ್ಚಿತು, ಕೆಂಪು ದೀಪ ಬಂತು, ಹಿಂದೆ ಶಾಲೆಯ ಮಕ್ಕಳ ಸಾಲು. ಮಕ್ಕಳಲ್ಲೊಬ್ಬಳು ಅಪ್ಪನನ್ನು ಕರೆದುಕೊಂಡು ಬಂದಳು. ಅಪ್ಪ ಆ ಸಾಲಿನಲ್ಲಿದ್ದ ಒಬ್ಬೊಬ್ಬ ಮಗುವಿಗೂ ಬಗ್ಗಿ ಕ್ಷಮೆ ಕೇಳಿದರಂತೆ. “ಎಲ್ಲರಿಗೂ ತೊಂದರೆ ಆಗೋಯ್ತು ನೋಡು” ಎಂದು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದರು. ನನಗೂ ನಾಚಿಕೆಯೇ ಆಯಿತು. ಅಮ್ಮ ಆ ಹೊತ್ತಿನಲ್ಲಿ ಎಲ್ಲಿಗೆ ಹೊರಟಿದ್ದಳು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಇನ್ನೊಬ್ಬರಿಗೆ ತೊಂದರೆಯಾಯಿತು ಎಂಬಲ್ಲಿಗೆ ನನ್ನ ಯೋಚನೆ ನಿಂತುಹೋಯಿತು. ಅದೇ ಸಂಜೆ ಅವಳ ಕಾರ್ಡನ್ನು ನನ್ನ ಬ್ಯಾಂಕ್ ಖಾತೆಗೆ ಜೋಡಿಸಿದೆ. ದುಡ್ಡು ಕಡಿಮೆಯಾದರೆ ತಾನೇ ತುಂಬಿಕೊಳ್ಳುತ್ತದೆ. ಇನ್ನು ಯಾವ ಗೇಟೂ ಅವಳನ್ನು ತಡೆಯುವುದಿಲ್ಲ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಎಷ್ಟೋ ಸಲ ಥ್ಯಾಂಕ್ಸ್ ಹೇಳಿದರು.

ಅವಳನ್ನು ತಡೆಯಲು ಊರಿನಲ್ಲಿ ಉಳಿದಿದ್ದದ್ದು ಅದೊಂದೇ, ಮಾಮ. ಅದನ್ನೂ ತೆಗೆದವಳು ನಾನು.

ಫೆಬ್ರವರಿಯ ಆ ದಿನ ಅಪ್ಪ ಔಷಧಿ ತರಲು ಹೋಗಿದ್ದರು. ಬಂದು ನೋಡಿದರೆ ಅಮ್ಮ ಇಲ್ಲ. ಎರಡು ಗಂಟೆ ಒಬ್ಬರೇ ಹುಡುಕಿದರು, ಅಕ್ಕಪಕ್ಕದವರಿಗೂ ಹೇಳದೆ. ನಾಲ್ಕೂವರೆಗೆ ನನಗೆ ಫೋನ್ ಮಾಡಿದರು. “ಕೆಲಸದಲ್ಲಿದೀಯಾ? ಆಮೇಲೆ ಮಾಡ್ಲಾ?” ಅದು ಅವರ ಮೊದಲ ಮಾತು. “ಮೀಟಿಂಗ್ ಇದೆ ಅಪ್ಪ, ಮುಗಿದ ಮೇಲೆ ನಾನೇ ಮಾಡ್ತೀನಿ” ಎಂದೆ. “ಸರಿ ಸರಿ, ಅವಸರವೇನಿಲ್ಲ” ಎಂದು ಇಟ್ಟುಬಿಟ್ಟರು. ಒಂದು ಗಂಟೆ ನಾನು ಪ್ರಯಾಣಿಕರ ಅನುಭವದ ಬಗ್ಗೆ ಮಾತಾಡಿದೆ. ವಾಪಸ್ ಫೋನ್ ಮಾಡುವ ಹೊತ್ತಿಗೆ ಕತ್ತಲಾಗಿತ್ತು. ಮಾರನೆಯ ದಿನ ಮಧ್ಯಾಹ್ನ ಒಕುಹಾಮಾದಲ್ಲಿ, ಲೈನಿನ ಕೊನೆಯ ಸ್ಟೇಷನ್ನಿನಲ್ಲಿ, ಹಳೆಯ ಮೀನಿನ ಕಾರ್ಖಾನೆ ಇದ್ದ ಬಯಲಿನ ಬೇಲಿಗೆ ಒರಗಿ, ರಾತ್ರಿಯ ಚಳಿಗೆ ಮರಗಟ್ಟಿ ಕೂತಿದ್ದವಳನ್ನು ಪೊಲೀಸರು ಕಂಡರು. ಮದುವೆಗೆ ಮುಂಚೆ ಅವಳು ಅಲ್ಲಿ ಡಬ್ಬಿಗೆ ಮೀನು ತುಂಬುತ್ತಿದ್ದಳು. ಕೆಲಸಕ್ಕೆಂದು ಹೋಗಿದ್ದಳು ಪಾಪ, ತಡವಾದೀತೆಂದು.

ಕಾರ್ಡಿನ ದಾಖಲೆಯಲ್ಲಿ ಎಲ್ಲವೂ ಚೊಕ್ಕಟವಾಗಿದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಮಿನೊಸಾಕಿಯಲ್ಲಿ ಒಳಗೆ. ಮೂರಕ್ಕೆ ಒಕುಹಾಮಾದಲ್ಲಿ ಹೊರಗೆ. ಮಕ್ಕಳ ಕಾರ್ಡಿನಿಂದ ಮನೆಗೆ ಹೋಗುವ ಸಂದೇಶ ಅವಳ ಕಾರ್ಡಿಗೆ ಇರಲಿಲ್ಲ. ಹಿರಿಯರಿಗೆ ಅದು ಅವಮಾನ ಎನಿಸಬಹುದೆಂದು ನಾವೇ ಬಿಟ್ಟಿದ್ದೆವು.

ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಒಕುಹಾಮಾದ ಕ್ಯಾಮೆರಾ ವಿಡಿಯೊವನ್ನು ನಾನು ನೋಡಿದೆ. ಅಮ್ಮ ಕಾಯುವ ಕೋಣೆಯ ಬೆಂಚಿನ ಪಕ್ಕ ನಿಂತಿದ್ದಾಳೆ. ಹತ್ತು ನಿಮಿಷ ನಿಂತೇ ಇದ್ದಾಳೆ. ಅಕಿತಾದ ಕೋಣೆಯಿಂದ ನಮ್ಮ ಹುಡುಗಿ ಗಮನಿಸಿದಳು, ನೀವು ಅವಳನ್ನು ಬೈಯಬಾರದು. ಸ್ಪೀಕರಿನಲ್ಲಿ ಎಷ್ಟು ಚೆನ್ನಾಗಿ ಕೇಳಿದಳು: “ನಮಸ್ಕಾರ, ನಿಮಗೇನಾದರೂ ಸಹಾಯ ಬೇಕಾ?” ಅಮ್ಮ ಬೆಚ್ಚಿ ಸುತ್ತ ನೋಡಿದಳು. ಯಾರೂ ಕಾಣಲಿಲ್ಲ. ಆಮೇಲೆ ಆ ಸ್ಪೀಕರಿನ ಕಡೆ ತಿರುಗಿ, ಸೊಂಟದವರೆಗೆ ಬಗ್ಗಿ, “ಏನೂ ಇಲ್ಲಮ್ಮ, ಚೆನ್ನಾಗಿದೀನಿ. ನಿಮಗೆ ತೊಂದರೆ ಕೊಟ್ಟೆ” ಎಂದಳು. ಇನ್ನು ಅಲ್ಲಿ ನಿಂತರೆ ಮತ್ತಷ್ಟು ತೊಂದರೆ ಎಂದುಕೊಂಡಿರಬೇಕು. ಬಾಗಿಲು ಸರಿಸಿ ಹೊರಗೆ ಹೋದಳು.

ಆ ಹುಡುಗಿ ಇನ್ನೊಂದು ಮಾತು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳುವ ಹಾಗಿರಲಿಲ್ಲ. ಗ್ರಾಹಕರು ಚೆನ್ನಾಗಿದ್ದೇನೆ ಎಂದರೆ ಮತ್ತೆ ಕೇಳಬಾರದು, ಮಾತು ಅಲ್ಲಿಗೇ ಮುಗಿಸಬೇಕು. ಅದು ನಿಯಮ. ಎರಡೆರಡು ಸಲ ಕೇಳಿದರೆ ಕಿರಿಕಿರಿ ಎಂದು ಪ್ರಯಾಣಿಕರು ಹೇಳಿದ್ದರು, ಹಾಗಾಗಿ ಎರಡನೆಯ ಪ್ರಶ್ನೆಗೆ ಅಡ್ಡಗೆರೆ ಎಳೆದೆವು. ಎಳೆದ ಕೈ ನನ್ನದು. ಅಮ್ಮ ಅವತ್ತು ಮನೆಯೊಳಗಿನ ಚಪ್ಪಲಿಯಲ್ಲೇ ಹೊರಟಿದ್ದಳು, ಬಟ್ಟೆಯ ಚಪ್ಪಲಿ. ಕ್ಯಾಮೆರಾ ಮೇಲಿನಿಂದ ಮುಖ ನೋಡುತ್ತದೆ, ಕಾಲು ನೋಡುವುದಿಲ್ಲ. ನೀವಿದ್ದಿದ್ದರೆ ಮೊದಲು ಅವಳ ಕಾಲೇ ನೋಡುತ್ತಿದ್ದಿರಿ. ಆ ತಿಂಗಳ ವರದಿಯಲ್ಲಿ ಅದೂ ಒಂದು ಸಾಲಾಗಿ ಸೇರಿದೆ: ಒಕುಹಾಮಾ, ವಿಚಾರಣೆ ಒಂದು, ನಲವತ್ತು ಸೆಕೆಂಡಿನಲ್ಲಿ ಮುಗಿದಿದೆ, ಗ್ರಾಹಕರಿಗೆ ತೊಂದರೆ ಇಲ್ಲ.

ನೀವು ಬಗ್ಗಿ ಹೋದ ಮೇಲೆ ನಾನು ಅಪ್ಪನನ್ನು ಕೇಳಿದೆ, ಮಾಮ ಏನು ಬರೆದಿಡಬೇಕಾಗಿತ್ತು ಅಂತ. ಅಪ್ಪ ಒಂದೊಂದಾಗಿ ಹೇಳಿದರು. ನಿಮ್ಮ ಕಾಲದಲ್ಲಿ ಅಮ್ಮ ಹನ್ನೊಂದು ಸಲ ಸ್ಟೇಷನ್ನಿಗೆ ಬಂದಿದ್ದಳಂತೆ, ಕಾರ್ಖಾನೆಗೆ ಹೋಗಬೇಕೆಂದು. ನೀವು ಒಂದು ದಿನವೂ ಅವಳಿಗೆ ಸಹಾಯ ಬೇಕಾ ಎಂದು ಕೇಳಲಿಲ್ಲ. “ಅಕ್ಕಾ, ಈ ಸೇಬು ಸುಲಿಯೋದು ನನ್ನ ಕೈಲಾಗ್ತಿಲ್ಲ, ಸಿಪ್ಪೆ ಜೊತೆ ಅರ್ಧ ಹಣ್ಣೇ ಹೋಗುತ್ತೆ” ಎಂದು ಚಾಕು ಕೊಡುತ್ತಿದ್ದಿರಿ. “ಇಷ್ಟು ವಯಸ್ಸಾದ್ರೂ ಇದೂ ಬರಲ್ವಾ ನಿಮಗೆ? ಕೊಡಿ ಇಲ್ಲಿ” ಎಂದು ಅವಳು ಒಳಗೆ ಬಂದು ಕೂರುತ್ತಿದ್ದಳು. ಅವಳು ಸುಲಿಯುವಷ್ಟರಲ್ಲಿ ಅಪ್ಪ ಬರುತ್ತಿದ್ದರು. ಪುಸ್ತಕಕ್ಕೆ ಬರೆಯಬೇಡಿ, ಮಗಳ ಕಚೇರಿಗೆ ಹೋಗುವ ಪುಸ್ತಕ ಅದು, ಅವಳಿಗೆ ಗೊತ್ತಾದರೆ ಕೆಲಸ ಬಿಟ್ಟು ಬಂದುಬಿಡುತ್ತಾಳೆ ಎಂದು ಅಪ್ಪನೇ ನಿಮ್ಮನ್ನು ಬೇಡಿಕೊಂಡಿದ್ದರು. ಸಭೆಯ ದಿನ ಎರಡನೆಯ ಸಾಲಿನಲ್ಲಿ ಕೂತು, ಬೇಡ ಎಂದು ತಲೆಯಾಡಿಸಿದವರೂ ಅವರೇ.

ಹಾಗಾದರೆ ನಾನು ಮೈಕು ಹಿಡಿದು ಒಂದೇ ಒಂದು ಹೆಸರು ಹೇಳಿ ಎಂದಾಗ ನಿಮ್ಮ ನಾಲಿಗೆಯ ತುದಿಯಲ್ಲಿದ್ದದ್ದು ನನ್ನ ಅಮ್ಮನ ಹೆಸರು. ನೀವು ಅದನ್ನು ನುಂಗಿಕೊಂಡಿರಿ. ನಿಮ್ಮ ಕೆಲಸ ಹೋಯಿತು. ಜನ ನಕ್ಕರು. ನನ್ನ ಮಾನ ಉಳಿಯಿತು. ಇಷ್ಟೆಲ್ಲ ಆಗಿಯೂ ನನ್ನೆದುರು ಬಗ್ಗಿದವರು ನೀವು. ಇದನ್ನು ನೆನೆದರೆ ನನಗೆ ಎದೆ ಬಡಿದುಕೊಳ್ಳಬೇಕು ಎನಿಸುತ್ತದೆ.

ಕಂಪನಿಗೆ ಹೋಗಿ ನಿಲ್ಲಿಸಿ ಎಂದೆ. ಇನ್ನೂ ಆರು ಸ್ಟೇಷನ್ನುಗಳಿಗೆ ಇದೇ ವ್ಯವಸ್ಥೆ ಬರಲಿದೆ. ಎಲ್ಲರೂ ಎದ್ದು ನಿಂತು ಸಂತಾಪ ಹೇಳಿದರು. ಆಮೇಲೆ ಕೂತು ನನ್ನದೇ ಅಂಕಿಅಂಶಗಳನ್ನು ನನಗೆ ಓದಿ ಹೇಳಿದರು. ತೃಪ್ತರಾದ ಪ್ರಯಾಣಿಕರು ನೂರಕ್ಕೆ ತೊಂಬತ್ತೊಂದು. ಅದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ, ಅಷ್ಟು ಅಚ್ಚುಕಟ್ಟಾಗಿ ನಾನೇ ಮಾಡಿದ್ದೆ. ರಾಜೀನಾಮೆ ಕೊಟ್ಟು ಬಂದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮಾಮ, ನೀವು ಬರೆದಿಟ್ಟಿದ್ದರೂ ಹನ್ನೊಂದು ಸಾಲು ಹೆಚ್ಚಾಗುತ್ತಿತ್ತು, ಅಷ್ಟೆ. ಇಪ್ಪತ್ತು ಸಾಲು ಸಾಲದು ಎಂದು ನಾನು ಸಭೆಗೆ ಹೇಳುತ್ತಿದ್ದೆ. ನನ್ನನ್ನು ನಾನು ಬಲ್ಲೆ. ನಿಮ್ಮದು ಯಾವ ತಪ್ಪೂ ಇಲ್ಲ.

ಇದನ್ನು ಹೇಳಿ ಮುಗಿಸಬೇಕೆಂದುಕೊಂಡಿದ್ದೆ. ಆದರೆ ನಾಚಿಕೆ ಬಿಟ್ಟು ಇನ್ನೊಂದು ಕೇಳಬೇಕಾಗಿದೆ. ನಿಮ್ಮ ಕೆಲಸ ಕಿತ್ತುಕೊಂಡವಳು ಯಾವ ಮುಖ ಹೊತ್ತು ಕೇಳುತ್ತಾಳೆ ಎಂದರೆ, ಕೇಳಲು ಬೇರೆ ಯಾರೂ ಇಲ್ಲ. ಅಪ್ಪ ಅನ್ನ ಬಿಟ್ಟಿದ್ದಾರೆ. ಹತ್ತು ದಿನದಿಂದ ಬರೀ ಬಿಸಿನೀರು. ಬಟ್ಟೆ ಮೈಮೇಲೆ ಜೋತುಬಿದ್ದಿದೆ. ಡಾಕ್ಟರಿಗೂ ನಗುತ್ತಾ “ಏನಿಲ್ಲ, ಸುಮ್ನೆ ನಿಮ್ಮ ಸಮಯ ಹಾಳು” ಎಂದು ಕಳಿಸಿಬಿಟ್ಟರು. ನಾನು ಬೆಳಿಗ್ಗೆ ಸಂಜೆ ಬಾಗಿಲಲ್ಲಿ ನಿಂತು, ಏನಪ್ಪಾ ಬೇಕು, ಏನಾದರೂ ಮಾಡಿಕೊಡಲಾ ಎನ್ನುತ್ತೇನೆ. “ಏನೂ ಬೇಡ, ನೀನು ಕೆಲಸ ನೋಡ್ಕೋ” ಎನ್ನುತ್ತಾರೆ. ಆಮೇಲೆ ಏನು ಹೇಳಬೇಕೆಂದು ನನಗೆ ತಿಳಿಯುವುದಿಲ್ಲ. ಕೇಳುವುದು ಬಿಟ್ಟು ಬೇರೇನೂ ನನಗೆ ಬರುವುದಿಲ್ಲ. ಇಷ್ಟು ವರ್ಷ ಅದನ್ನೇ ಕಲಿತು, ಅದನ್ನೇ ಊರೂರಿಗೆ ಕಲಿಸಿದವಳು ನಾನು.

ನೀವು ಬನ್ನಿ. ಹೇಗಿದ್ದೀರಿ ಎಂದು ಮಾತ್ರ ಅವರನ್ನು ಕೇಳಬೇಡಿ. ನಿಮಗೇ ಏನೋ ಬೇಕಾಗಿದೆ ಎಂದು ಬನ್ನಿ. ಏನಾದರೂ ಸರಿ. ಈಗಾಗಲೇ ತಡವಾಗಿರಬಹುದು, ನನಗೆ ಗೊತ್ತು. ಆದರೂ ಬನ್ನಿ.

ನಿಮ್ಮ ಮನೆಯಲ್ಲಿ ಯಾರೂ ಯಾರಿಗೂ “ಏನಿಲ್ಲ, ಚೆನ್ನಾಗಿದೀನಿ” ಎಂದು ಹೇಳುವ ದಿನ ಬಾರದಿರಲಿ.

ಇಕುಕೊ ಎಂಬವಳ ಮಗಳು,
ಚಿಹಾರು